ಏನೋ ಸ್ವಲ್ಪ ಕಡಿಮೆ

"ತಿರುಗಿ, ಗೋಡೆ ನೋಡ್ಕೊಂಡು ನುಡಿಸಿ!"

ಗಿಟಾರ್ ರಿಪೇರಿ ಅಂಗಡಿಗೆ ಕಾಲಿಟ್ಟು ಎರಡು ನಿಮಿಷವಾಗಿಲ್ಲ, ಆಗಲೇ ಅಪ್ಪಣೆ! ಅವಳಿಗೆ ಮೈಯೆಲ್ಲಾ ಉರಿಯಿತು.

"ಯಾಕ್ರೀ? ನಾನೇನು ಪಾಠ ಒಪ್ಪಿಸದ ಹುಡುಗೀನಾ?"

"ಪೆಟ್ಟಿಗೆ ಕಂಡ್ರೆ ಕಣ್ಣು ಆರಿಸುತ್ತೆ. ಗಿಟಾರಿಗೆ ಪ್ರಿಆಂಪ್ ಆರಿಸಬೇಕಾದ್ದು ಕಿವಿ," ಎಂದ ಆ ಮೆಕ್ಯಾನಿಕ್, ನಗದೆ.

ಕೌಂಟರಿನಲ್ಲಿದ್ದ ಅವನ ಅಕ್ಕ ಮಾತ್ರ ನಕ್ಕಳು. "ಬೇಜಾರು ಮಾಡ್ಕೋಬೇಡಮ್ಮ, ಇವನು ಎಲ್ಲರಿಗೂ ಹೀಗೇ."

ಬಂದವಳ ಕಷ್ಟ ಬಂದವಳಿಗೆ. ವಾದ್ಯತಂಡದ ಗಿಟಾರಿನವಳು, ಗಾಜಿನ ವಾಲ್ವ್‌ಗಳ ಹಳೆಯ ಭಾರದ ಆಂಪ್ಲಿಫೈಯರ್ ಹೊತ್ತು ಮೆಟ್ಟಿಲು ಹತ್ತಿ ಹತ್ತಿ ಸೊಂಟ ಬಿದ್ದುಹೋಗಿತ್ತು. ಅದೇ ಧ್ವನಿ ಕೊಡುವ, ಚೀಲದಲ್ಲಿ ಹಿಡಿಸುವ ಪ್ರಿಆಂಪ್, ಅಂದರೆ ಗಿಟಾರಿನ ಧ್ವನಿ ಹದಗೊಳಿಸುವ ಪುಟ್ಟ ಪೆಟ್ಟಿಗೆ, ಬೇಕಿತ್ತು. ಮೆಲ್ಲಗೆ ಮೀಟಿದರೆ ಶುದ್ಧವಾಗಿರಬೇಕು, ಜೋರಾಗಿ ಮೀಟಿದರೆ ಅತ್ತು ಮುಗಿಸಿದವರ ಗಂಟಲಿನ ಹಾಗೆ ಸ್ವಲ್ಪ ಒರಟಾಗಬೇಕು.

ಮೊದಲನೆಯ ಪೆಟ್ಟಿಗೆ ಕಿರುಚಿತು. ಅವನು ಎರಡನೆಯದಕ್ಕೆ ಕೇಬಲ್ ಸಿಕ್ಕಿಸಿದ. ಒಂದೇ ಸ್ವರ ಮೀಟಿದಳು... ಇದೇ! ಇದೇ ಧ್ವನಿ!

ತಿರುಗಿ ನೋಡಿದರೆ ಅವನು ಕಣ್ಣು ಮುಚ್ಚಿ, ಕಿವಿಗೊಟ್ಟು ನಿಂತಿದ್ದಾನೆ. ಅವಳು ನುಡಿಸುವುದನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ, ತಂಡದವರು ಕೂಡ.

'ಹೂಂ ಅಂದ್ರೆ ಇಲ್ಲಿಗೆ ಮುಗೀತು... ಪೆಟ್ಟಿಗೆ ತಗೊಂಡು ಮನೆಗೆ ಹೋಗೋದು ಅಷ್ಟೇ.'

"ಏನೋ ಸ್ವಲ್ಪ ಕಡಿಮೆ ಅನ್ಸುತ್ತೆ," ಎಂದುಬಿಟ್ಟಳು!

"ನಾಳೆ ಬನ್ನಿ. ನೋಡೋಣ."

ಮಹಾತಾಯಿ ಮರುದಿನ ಹೋದಳು. ಅದರ ಮರುದಿನವೂ ಹೋದಳು. ಮೂರು ವಾರ ಅದೇ ರಾಗ... "ಇನ್ನೂ ಸ್ವಲ್ಪ." ಅವನ ಜೊತೆ ಚಹಾ ಕುಡಿದಳು, ಬೆಸುಗೆಯ ಹೊಗೆಗೆ ಕೆಮ್ಮಿದಳು, ಅವನು ಅಪರೂಪಕ್ಕೆ ನಕ್ಕ ದಿನ ಬಸ್ಸು ಮರೆತು ಮನೆಯ ತನಕ ನಡೆದೇ ಹೋದಳು. ಪ್ರೀತಿಸುತ್ತಿದ್ದೇನೆ ಎಂಬುದು ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಹೋದಾಗ ಅವನ ಮೇಜು ಖಾಲಿ! ಅಕ್ಕ ಉಪಕರಣಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು.

"ಸೋಮವಾರದಿಂದ ಫ್ಯಾನ್ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನಂತೆ, ಬೇರೆ ಊರಿಗೆ. ಆ ಎರಡನೇ ಪೆಟ್ಟಿಗೆ ಇವನೇ ಮಾಡಿದ್ದಮ್ಮ, ಎರಡು ವರ್ಷ ಕೂತು. 'ಅಷ್ಟು ಒಳ್ಳೆ ಕಿವಿ ಇರೋರಿಗೇ ಹಿಡಿಸ್ಲಿಲ್ಲ ಅಂದ್ಮೇಲೆ ನನಗೆ ಈ ಕೆಲಸ ಬರಲ್ಲ ಬಿಡಕ್ಕ' ಅಂದ."

ಅವನೇ ಮಾಡಿದ್ದಾ? ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲವಲ್ಲ!

ಒಳಕೋಣೆಗೆ ಹೋಗಿ ಅವನೆದುರು ನಿಂತಳು.

"ಮೊದಲ ದಿನಾನೇ ಸರಿಯಾಗಿತ್ತು. ನಾನು ಸುಳ್ಳು ಹೇಳ್ದೆ."

"ಸಮಾಧಾನ ಮಾಡೋಕೆ ಬರಬೇಡಿ."

"ಸಮಾಧಾನ ಅಲ್ಲರೀ! ಸರಿ ಇದೆ ಅಂದಿದ್ರೆ ಮತ್ತೆ ಬರೋಕೆ ನನಗೆ ಯಾವ ನೆಪ ಇತ್ತು? ನೀವು ಇಷ್ಟ ಆಗ್ಬಿಟ್ರಿ... ಅದನ್ನ ಹೇಳೋಕೆ ಬರದೆ ಇದನ್ನ ಹೇಳ್ದೆ."

ಸಿಟ್ಟಿಗೆ ಅವನ ಮುಖ ಕೆಂಪಾಯಿತು.

"ದಿನಾ ನೀವು ಹೋದ್ಮೇಲೆ ಒಂದೊಂದು ಬಿಡಿಭಾಗ ಕಿತ್ತು ಬೇರೆ ಹಾಕಿದೀನಿ! ಈಗ ಅದು ಮೊದಲಿನ ಪೆಟ್ಟಿಗೆನೇ ಅಲ್ಲ. ಯಾವುದಿತ್ತು, ಯಾವುದು ಹಾಕ್ದೆ, ಒಂದೂ ಬರೆದಿಟ್ಟಿಲ್ಲ."

ಧ್ವನಿ ಕೆಡುತ್ತಿರುವುದು ಎರಡನೇ ವಾರವೇ ಅವಳ ಕಿವಿಗೆ ಬಿದ್ದಿತ್ತು. ಪ್ರೇಮದ ಗುಂಗಿನಲ್ಲಿ ಸುಮ್ಮನಿದ್ದಳು. ಈಗ ಅಳು ಒತ್ತರಿಸಿ ಬಂತು.

"ನನಗೆ ಆ ಧ್ವನಿ ನೆನಪಿದೆ. ಒಂದೊಂದೇ ಹಾಕ್ತಾ ಬನ್ನಿ, ಸರಿಯಾದ ಕೂಡಲೇ ಹೇಳ್ತೀನಿ. ಆಣೆಗೂ ಸುಳ್ಳಿಲ್ಲ. ಆಮೇಲೆ ಬೇಕಾದ್ರೆ ಹೋಗಿ..."

ಅವನು ಎದ್ದು ಹೊರಗೆ ಬಂದು, ಅಕ್ಕನ ಕೈಯಿಂದ ಡಬ್ಬ ತೆಗೆದುಕೊಂಡು ಮತ್ತೆ ಮೇಜಿನ ಮೇಲೆ ಸುರಿದ.

ಶುಕ್ರವಾರವೆಲ್ಲಾ ಹಾಕಿದ್ದು, ಕಿತ್ತಿದ್ದು. ಶನಿವಾರ ಸಂಜೆ, ಹದಿನಾಲ್ಕನೇ ಬಿಡಿಭಾಗಕ್ಕೆ, ಅವಳ ಬೆರಳು ತಂತಿಯ ಮೇಲೆ ನಿಂತಿತು.

"ಇದೇ," ಎಂದಳು. ಇನ್ನು ಬರಲು ಯಾವ ನೆಪವೂ ಇಲ್ಲ.

"ಖಂಡಿತಾ?"

"ಖಂಡಿತ. ಈಗಲಾದ್ರೂ ಆ ಫ್ಯಾಕ್ಟರಿ ಬೇಡ ಅಂತ ಹೇಳಿ..."

"ಬೆಳಿಗ್ಗೆನೇ ಫೋನ್ ಮಾಡಿ ಹೇಳ್ದೆ, ಬರಲ್ಲ ಅಂತ."

"ಬೆಳಿಗ್ಗೆನಾ? ಆಗಿನ್ನೂ ಪೆಟ್ಟಿಗೆ ಸರಿಹೋಗಿರ್ಲಿಲ್ಲವಲ್ಲ!"

ಅವನು ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿದ.

"ಪೆಟ್ಟಿಗೆಗೋಸ್ಕರ ಉಳ್ಕೊಂಡೆ ಅಂತ ನಿನಗೆ ಯಾರು ಹೇಳಿದ್ರು?"