ಎಂಟು ಚೊಂಬು ನೀರು

ಪಕ್ಕದ ಮನೆಗೆ ಬಂದವನ ಮುಖ ನೋಡುವ ಮೊದಲೇ, ಅವನು ಎಷ್ಟು ಚೊಂಬು ನೀರಿನಲ್ಲಿ ಸ್ನಾನ ಮುಗಿಸುತ್ತಾನೆ ಎಂಬುದು ಸುಮಿತಾಗೆ ಗೊತ್ತಾಗಿತ್ತು. ಎಂಟು. ಮೊದಲ ಎರಡು ಅವಸರದಲ್ಲಿ, ಆಮೇಲೆ ಸೋಪಿನ ವಿರಾಮ, ಕೊನೆಯ ಆರು ಸಮಾಧಾನವಾಗಿ.

ಇದರಲ್ಲಿ ಅವಳ ತಪ್ಪೇನೂ ಇಲ್ಲ. ಕೋರಮಂಡಲ್‌ನ ಗಣಿ ಕೆಲಸಗಾರರಿಗೆಂದು ಕಟ್ಟಿದ ಹಳೆಯ ಲೈನ್ ಮನೆಗಳೇ ಹಾಗೆ, ಎರಡು ಮನೆಗೆ ಒಂದೇ ಗೋಡೆ. ಅವನ ಬಚ್ಚಲು ಆ ಕಡೆ, ಇವಳು ಪಾತ್ರೆ ತಿಕ್ಕುವ ಕಲ್ಲು ಈ ಕಡೆ, ಮೇಲೆ ಗಾಳಿಗೆಂದು ಬಿಟ್ಟ ಒಂದು ಕಿಂಡಿ. ಮಂಡ್ಯ ಕಡೆಯಿಂದ ಕೆಲಸಕ್ಕೆ ಬಂದವನಂತೆ ಅವನು; ಫ್ಯಾಕ್ಟರಿ ಬಸ್ಸು ಹಿಡಿಯಲು ಆರೂವರೆಗೆ ನೀರು ಹುಯ್ದುಕೊಳ್ಳುತ್ತಾನೆ. ರಾಬರ್ಟ್‌ಸನ್‌ಪೇಟೆಯ ಟೈಲರಿಂಗ್ ಅಂಗಡಿಗೆ ಹೊರಡುವ ಮೊದಲು ಇವಳು ಅದೇ ಹೊತ್ತಿಗೆ ಪಾತ್ರೆ ತಿಕ್ಕುತ್ತಾಳೆ. ಕಿವಿಗೆ ಬಾಗಿಲು ಹಾಕಿಕೊಳ್ಳಲು ಆಗುತ್ತದೆಯೇ?

ಎಣಿಸುವುದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಮಾತ್ರ ಅವನಿಗೆ ಹೇಳುವಂತಿರಲಿಲ್ಲ.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ನಲ್ಲಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಟ್ಟೆ ಜಾಲಾಡಿದ ಕೊನೆಯ ನೀರು ಬದನೆಗೆ. ಹಿತ್ತಿಲ ಮೂಲೆಯ ದುಂಡುಮಲ್ಲಿಗೆಗೆ ಏನೂ ಉಳಿಯುತ್ತಿರಲಿಲ್ಲ. ಅದು ಅಮ್ಮ ಬಂಗಾರಪೇಟೆ ಕಡೆಯ ತವರಿನಿಂದ ತಂದು ನೆಟ್ಟ ಗಿಡ. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಅವಳ ಕೈಯಲ್ಲಿ ಬೆಳೆದದ್ದು ಎಂದು ಆ ಮನೆಯಲ್ಲಿ ಉಳಿದದ್ದು ಸುಮಿತಾ ಮತ್ತು ಆ ಮಲ್ಲಿಗೆ, ಇಬ್ಬರೇ.

ದಾರಿ ಕಂಡುಹಿಡಿದದ್ದು ಅಜ್ಜಿ ಚಿಕ್ಕವೆಂಕಟಮ್ಮ. ಪಕ್ಕದವನು ಬಂದ ಮೊದಲ ದಿನವೇ, ಅವನು ಡ್ಯೂಟಿಗೆ ಹೋದ ಮಧ್ಯಾಹ್ನ ಗುದ್ದಲಿ ಹಿಡಿದು, ಅವನ ಬಚ್ಚಲ ಮೋರಿಯನ್ನು ಸಲೀಸಾಗಿ ಮಲ್ಲಿಗೆ ಬುಡಕ್ಕೆ ತಿರುಗಿಸಿಬಿಟ್ಟಿತು ಮುದುಕಿ.

“ಒಂದ್ ಮಾತು ಕೇಳಿ ಮಾಡ್ಬೇಕಿತ್ತಲ್ವಾ ಅಜ್ಜಿ?”

“ಏನಂತ ಕೇಳ್ತೀಯಲೇ? ವಯಸ್ಸಿನ್ ಉಡುಗನ್ನ ಕರ್ದು, ನಿನ್ ಮೈ ತೊಳ್ದ ನೀರು ನಮ್ಗೆ ಕೊಡಪ್ಪ ಅಂತೀಯಾ?”

ಹೀಗಾಗಿ ಅವನಿಗೆ ಯಾರೂ ಹೇಳಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಮಾರ್ಚ್ ತಿಂಗಳ ಒಂದು ಭಾನುವಾರ ಮೋರಿಯಲ್ಲಿ ಬಿಳೀ ನೊರೆ ಬಂತು. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಅರ್ಧ ನೀರು ಗಿಡದ ಬುಡ ಸೇರಿತ್ತು. ಸುಮಿತಾ ಕೈಯಲ್ಲಿದ್ದ ಸೌಟಿನ ಸಮೇತ ಓಡಿಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು.

ಬಾಗಿಲು ತೆರೆದವನು ಪ್ಯಾಂಟು ಮೊಣಕಾಲಿಗೆ ಮಡಚಿ, ಕೈಯಲ್ಲಿ ಪೊರಕೆ ಹಿಡಿದಿದ್ದ. ಎಂಟು ಚೊಂಬಿನ ಮನುಷ್ಯ ಇಷ್ಟು ಎತ್ತರ ಇರಬಹುದೆಂದು ಅವಳು ಅಂದುಕೊಂಡಿರಲಿಲ್ಲ.

“ರೀ, ನೀರಿಗೆ ಏನ್ ಹಾಕಿದ್ರಿ?”

“ಯಾವ ನೀರಿಗೆ?” ಅವನು ಸೌಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

ಈಗ ಹೇಳದೆ ಗತಿಯಿರಲಿಲ್ಲ. ನೆಲ ನೋಡುತ್ತಾ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಅವನ ಕಿವಿಗಳೆರಡೂ ಕೆಂಪಾಗಿದ್ದವು.

“ಅಂದ್ರೆ... ನಾನು ಸ್ನಾನ ಮಾಡಿದ್ದಾ?”

“ಹೂಂ.”

“ದಿನಾನೂವಾ?”

“ನಿಮ್ ಮಂಡ್ಯದ ಕಡೆ ಕಾಲುವೆ ಹರೀತದೆ. ಒಂದ್ ಚೊಂಬಿನ ಬೆಲೆ ನಿಮಗೇನ್ ಗೊತ್ತಾಯ್ತದೆ?” ನಾಚಿಕೆ ಮುಚ್ಚಿಕೊಳ್ಳಲು ಅವಳಿಗೆ ಸಿಟ್ಟೇ ಬೇಕಾಯಿತು. “ಅದು ನಮ್ಮಮ್ಮನ ಗಿಡ. ಒಣಗಿದ್ರೆ ನಾನು ಸುಮ್ನಿರಲ್ಲ.”

ಅವನು, ವಿಜಯಕುಮಾರ್ ಅಂತ ಹೆಸರು, ಪೊರಕೆ ಅಲ್ಲೇ ಇಟ್ಟು ಮೋರಿಯ ಕಡೆ ಓಡಿದ. ಹೇಳದೆ ಕೇಳದೆ ನೀರು ತಿರುಗಿಸಿಕೊಂಡವರು ತಾವೇ ಎಂಬುದು ಸುಮಿತಾಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಸಂಜೆಯವರೆಗೆ ಅದೇ ಅವಳನ್ನು ಚುಚ್ಚುತ್ತಿತ್ತು.

ಮರುದಿನ ಆರೂವರೆಗೆ ಗೋಡೆಯಾಚೆ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಾ ಕುಳಿತವಳನ್ನು ಅಜ್ಜಿ ಗಮನಿಸಿತು.

“ಆ ಉಡುಗನ ಮನೇಲಿ ನೀರಿಲ್ಲ ಕಣೇ. ಭಾನುವಾರ ನೀನು ಅಂಗಡಿ ಕಡೆ ಓದಾಗ, ಇದ್ದ ನಾಲ್ಕು ಬಿಂದಿಗೇನೂ ತಂದು ಗಿಡಕ್ಕೇ ಸುರಿದ. ಪೌಡರು ತೊಳ್ದೋಗ್ಬೇಕು ಅಂದ. ಬೇಡ ಅಂದ್ರೂ ಕೇಳ್ಲಿಲ್ಲ. ಫ್ಯಾಕ್ಟರಿ ನಲ್ಲೀಲಿ ಮುಖ ತೊಳ್ಕೊಂಡು ದಿನ ದೂಡ್ತವ್ನೆ.”

ಸುಮಿತಾ ಪಾತ್ರೆ ಅಲ್ಲೇ ಬಿಟ್ಟು ಎದ್ದಳು. ತುಂಬಿದ ಬಿಂದಿಗೆಯೊಂದನ್ನು ಸೊಂಟಕ್ಕಿಟ್ಟುಕೊಂಡು ಹೋಗಿ ಅವನ ಹೊಸ್ತಿಲ ಮೇಲಿಟ್ಟಳು.

“ನೀರು,” ಎಂದಳು.

“ಗಿಡ ಹೇಗಿದೆ?”

“ಎಲೆ ಹಳದಿಯಾಗ್ಯವೆ.”

“ಬೇರಿಗೆ ಏನೂ ಆಗಿರಲ್ಲ ಕಣ್ರೀ.” ಅವನ ಮುಖದಲ್ಲಿ ಮಾತ್ರ ಅಷ್ಟು ಧೈರ್ಯವಿರಲಿಲ್ಲ. ಅಮ್ಮನ ಗಿಡಕ್ಕಾಗಿ ಹೊರಗಿನವನೊಬ್ಬ ಹೀಗೆ ಹೆದರಿದ್ದನ್ನು ಅವಳು ಮೊದಲ ಸಲ ನೋಡಿದಳು. ಆ ಮುಖ ಅವಳಿಗೆ ಇಷ್ಟವಾಯಿತು.

ರಜೆಯ ದಿನ ಅವನು ಬಂಗಾರಪೇಟೆಗೆ ಹೋಗಿ ಒಂದು ಮಣ್ಣಿನ ಮಡಕೆ ತಂದ. ಪ್ಯಾಸೆಂಜರ್ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬಂದನಂತೆ. ಮಡಕೆಯ ತಳಕ್ಕೆ ಸಣ್ಣ ತೂತು ಕೊರೆದು, ಹಳೇ ಪಂಚೆಯ ಬತ್ತಿ ತೂರಿಸಿ, ಇಬ್ಬರೂ ಸೇರಿ ಗಿಡದ ಪಕ್ಕ ಕತ್ತಿನವರೆಗೆ ಹೂತರು. ಒಂದು ಬಿಂದಿಗೆ ಸುರಿದರೆ ನಾಲ್ಕು ದಿನ ಬೇರಿಗೆ ತೇವ. ಬುಡದ ಸುತ್ತ ತೆಂಗಿನ ನಾರು, ಒಣ ಎಲೆ ಹೊದಿಸಿದರು. ನಾರು ಹರಡುವಾಗ ಎರಡು ಸಲ ಬೆರಳಿಗೆ ಬೆರಳು ತಾಗಿತು. ಮೊದಲನೆಯದು ಆಕಸ್ಮಿಕ.

ಮೋರಿಯ ಕಾಲುವೆಯನ್ನು ಅವನೇ ಅಚ್ಚುಕಟ್ಟು ಮಾಡಿದ. ಅಷ್ಟೇ ಅಲ್ಲ, ಸೋಪು ಬಿಟ್ಟು ಕಡಲೆಹಿಟ್ಟಿಗೆ ಬಂದ.

“ಬಸ್ಸಲ್ಲಿ ನನ್ನ ಪಕ್ಕ ಕೂತವರಿಗೆಲ್ಲ ಹಸಿವಾಯ್ತದಂತೆ,” ಎಂದ ಒಂದು ಸಂಜೆ. “ಬೋಂಡಾ ಅಂತ ಹೆಸರಿಟ್ಟವ್ರೆ.”

ಸುಮಿತಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನು ನೋಡುತ್ತಲೇ ಇದ್ದ. ಅವಳು ನಗು ನಿಲ್ಲಿಸಿ ಬದನೆ ಗಿಡದ ಕಡೆ ತಿರುಗಿಕೊಂಡಳು. ಬದನೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಏಪ್ರಿಲ್‌ ಕೊನೆಗೆ ಮಲ್ಲಿಗೆ ಚಿಗುರಿತು. ಮೇ ತಿಂಗಳಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು. ಅದೇ ವಾರ ಅವನು ಗೇಟಿನ ಹತ್ತಿರ ನಿಂತು ಒಂದು ಕಾಗದ ತೋರಿಸಿದ.

“ಫ್ಯಾಕ್ಟರಿ ಕ್ವಾರ್ಟರ್ಸ್ ಸಿಕ್ತು. ಸೋಮವಾರದೊಳಗೆ ಬೀಗದ ಕೈ ತಗೋಬೇಕಂತೆ.”

“ಅಲ್ಲಿ ನೀರು?”

“ದಿನಾ ಎರಡ್ ಹೊತ್ತು.”

ಹೋಗಬೇಡಿ ಎನ್ನಲು ತಾನ್ಯಾರು? ಹತ್ತು ದಿನಕ್ಕೊಮ್ಮೆ ನೀರು ಕಾಣುವ ಮನೆಯಲ್ಲಿ ಉಳಿ ಎಂದು ಯಾವ ಬಾಯಲ್ಲಿ ಹೇಳುವುದು?

“ಒಳ್ಳೇದಾಯ್ತಲ್ಲ. ಇನ್ಮೇಲೆ ಸೋಪು ಹಾಕ್ಕೋಬೋದು,” ಎಂದಳು.

ಅವನು ಇನ್ನೂ ಏನೋ ಬರುತ್ತದೆಂದು ಕಾದ. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋದ.

ಸೋಮವಾರ ಬೆಳಿಗ್ಗೆ ಆರೂವರೆ. ಸುಮಿತಾ ಕಲ್ಲಿನ ಮುಂದೆ ಕುಳಿತಿದ್ದಳು, ಕೈಯಲ್ಲಿ ಒಂದೇ ಲೋಟ. ಗೋಡೆಯಾಚೆ ಮೊದಲ ಚೊಂಬು ಬಿತ್ತು. ಎರಡು. ಕಡಲೆಹಿಟ್ಟಿನ ವಿರಾಮ. ಮೂರು, ನಾಲ್ಕು. ಇಷ್ಟು ನಿಧಾನವಾಗಿ ಅವನು ಯಾವತ್ತೂ ಸ್ನಾನ ಮಾಡಿರಲಿಲ್ಲ. ಏಳು. ಎಂಟು.

ಚೊಂಬನ್ನು ಕೆಳಗಿಟ್ಟ ಸದ್ದು. ನಾಳೆಯಿಂದ ಆ ಕಡೆ ಬರೀ ಗೋಡೆ. ಅವಳಿಗೆ ತಡೆಯಲಾಗಲಿಲ್ಲ.

“ಎಂಟೇ ಆಯ್ತು,” ಎಂದಳು, ಕಿಂಡಿಯ ಕಡೆ ಮುಖವೆತ್ತಿ.

ಆಚೆಯಿಂದ ಅವನ ಧ್ವನಿ ಬಂತು. “ಎಣಿಸ್ತಿದ್ರಾ?”

“ನೀವು ಬಂದ ಮೊದಲ್ನೇ ದಿನದಿಂದ.”

“ಗಿಡಕ್ಕೋಸ್ಕರ?”

“ಮೊದ್ಲು ಗಿಡಕ್ಕೋಸ್ಕರ.” ಅವಳು ಕೈಯಲ್ಲಿದ್ದ ಲೋಟ ತಿರುಗಿಸಿದಳು. “ಆಮೇಲೆ ಅಲ್ಲ.”

ಅವನು ಮೆಲ್ಲಗೆ ಹೇಳಿದ, “ನಾನು ಮೊದಲ್ನೇ ಚೊಂಬು ಹುಯ್ಕೊಂಡ ತಕ್ಷಣ ಆ ಕಡೆ ಬಳೆ ಸದ್ದು ನಿಲ್ತಿತ್ತು. ಎಂಟಾದ್ಮೇಲೆ ಮತ್ತೆ ಶುರುವಾಯ್ತಿತ್ತು. ಅದು ಗೊತ್ತಾದ್ಮೇಲೇ ಕಣ್ರೀ, ನಾನು ನಿಧಾನ ಮಾಡಿದ್ದು.”

ಲೋಟ ಅವಳ ಕೈಯಿಂದ ಜಾರಿ ಕಲ್ಲಿಗೆ ಬಡಿಯಿತು.

“ಕ್ವಾರ್ಟರ್ಸ್ ಬೇಡ ಅಂತ ಬರ್ಕೊಟ್ಬಿಡ್ತೀನಿ ಇವತ್ತು,” ಎಂದ.

“ದಿನಾ ಎರಡ್ ಹೊತ್ತು ನೀರು ಬರ್ತದೆ ಅಲ್ಲಿ. ಯೋಚ್ನೆ ಮಾಡಿ.”

“ಬರ್ಲಿ ಬಿಡಿ. ಅಲ್ಲಿ ಎಷ್ಟು ಹುಯ್ಕೊಂಡ್ರೂ ಎಣಿಸೋರಿಲ್ಲ.”

ಸುಮಿತಾಳ ಕಣ್ಣು ತುಂಬಿ ಬಂತು. ಮೋರಿಯಲ್ಲಿ ಅವನ ಸ್ನಾನದ ನೀರು ಮಲ್ಲಿಗೆಯ ಕಡೆ ಹರಿದುಹೋಗುತ್ತಿತ್ತು. ಅಡುಗೆಮನೆಯಿಂದ ಅಜ್ಜಿ ಕೂಗಿತು, “ಲೇ ಸುಮಿ, ಆ ಉಡುಗನ್ನ ತಿಂಡಿಗೆ ಇಲ್ಲಿಗೇ ಬಾ ಅನ್ನು. ಗೋಡೆ ಜೊತೆ ಎಷ್ಟೊತ್ತು ಮಾತಾಡ್ತೀಯಾ?”

ಗೋಡೆಯಾಚೆ ನಗು. ಚೊಂಬು ಮತ್ತೆ ಬಕೆಟ್ಟಿಗೆ ಮುಳುಗಿತು, ನೀರು ಬಿತ್ತು.

“ಒಂಬತ್ತು,” ಎಂದಳು ಸುಮಿತಾ, ಆ ಕಡೆಗೆ ಕೇಳುವಷ್ಟು ಗಟ್ಟಿಯಾಗಿ.