ಆರು ಗಂಟೆ ಆಗಿರಲಿಲ್ಲ

ಅವನು ಅವಳ ಬದುಕಿಗೆ ಕಾಲಿಟ್ಟದ್ದೇ ಯಾರದೋ ಮನೆಯ ಗೋಡೆಗೆ ತೂತು ಕೊರೆದು.

ಪರದೆ ಅಂಗಡಿಯಲ್ಲಿ ಅವಳದು ಅಳತೆ ಮತ್ತು ಹೊಲಿಗೆ. ಪರದೆ ಹಾಕುವ ದಿನ ಬಟ್ಟೆಯ ಚೀಲ ಹಿಡಿದು ಅವಳು ಮುಂದೆ ಹೋಗುತ್ತಿದ್ದಳು, ಏಣಿ ಮತ್ತು ಡ್ರಿಲ್ಲಿಂಗ್ ಮೆಷಿನ್ ಹೇರಿಕೊಂಡು ಅಂಗಡಿಯ ವ್ಯಾನಿನಲ್ಲಿ ಫಿಟ್ಟರ್ ಹಿಂದಿನಿಂದ ಬರುತ್ತಿದ್ದ. ಆವತ್ತು ಹೊಸ ಫಿಟ್ಟರಿಗೆ ಅದು ಮೊದಲ ದಿನ. ಒಂದರಂತೆ ಒಂದಿದ್ದ ನಾಲ್ಕು ಕಟ್ಟಡಗಳಲ್ಲಿ ಅವನು ಪಕ್ಕದ ಕಟ್ಟಡ ಹತ್ತಿದ. ಬಾಗಿಲು ತೆರೆದ ಅಜ್ಜಿ ಮಗನೇ ಕಳಿಸಿರಬೇಕೆಂದುಕೊಂಡು ಕೂರಿಸಿ ಬಿಸ್ಕತ್ತು ಕೊಟ್ಟಳು. ಅವನು ಬಿಸ್ಕತ್ತು ತಿಂದು ಅಚ್ಚುಕಟ್ಟಾಗಿ ಆರು ತೂತು ಕೊರೆದ. ಇವಳು ಹುಡುಕಿಕೊಂಡು ಹೋಗುವಷ್ಟರಲ್ಲಿ ಏಳನೆಯದಕ್ಕೆ ಗುರುತು ಹಾಕುತ್ತಿದ್ದ.

"ರಾಯರೇ, ಏಣಿಯಿಂದ ಇಳೀರಿ. ಇದು ನಮ್ಮ ಗೋಡೆ ಅಲ್ಲ."

ಅವನು ಮೇಲಿನಿಂದಲೇ ಅವಳನ್ನು ನೋಡಿದ. ಕೊರಳಲ್ಲಿ ಜೋತುಬಿದ್ದ ಟೇಪು, ಕಿವಿಯ ಹಿಂದೆ ಪೆನ್ಸಿಲ್ಲು, ನಗು ತಡೆದು ಉಬ್ಬಿದ ಕೆನ್ನೆ. "ಮೊದಲೇ ಹೇಳಬಾರದಾ ಟೇಪಮ್ಮ, ಬಿಸ್ಕತ್ತಾದ್ರೂ ವಾಪಸ್ ಕೊಡ್ತಿದ್ದೆ," ಅಂದ. ಅಂದಿನಿಂದ ಅವನು ಏಣಿರಾಯ, ಅವಳು ಟೇಪಮ್ಮ.

ಅಂಗಡಿಯ ಯಜಮಾನಿ ತಲೆ ಚಚ್ಚಿಕೊಂಡು ಮರುದಿನವೇ ಒಂದು ಕಟ್ಟಳೆ ಮಾಡಿದಳು: ಬೆಳಗ್ಗೆ ಹತ್ತಕ್ಕೆ ಅಂಗಡಿ ಬಿಡುವಾಗ ಇಬ್ಬರೂ ಒಬ್ಬರಿಗೊಬ್ಬರು ಫೋನಿನಲ್ಲಿ ಲೈವ್ ಲೊಕೇಶನ್ ಕಳಿಸಬೇಕು. ಎಂಟು ಗಂಟೆಯ ಅವಧಿ ಒತ್ತಿದರಾಯಿತು, ಸಂಜೆ ಆರಕ್ಕೆ ತಾನೇ ನಿಂತುಹೋಗುತ್ತದೆ. ಇನ್ನು ತಪ್ಪು ಮನೆಗೆ ನುಗ್ಗುವ ಪ್ರಶ್ನೆಯೇ ಇಲ್ಲ.

ಮುಖದ ಫೋಟೋ ಹಾಕಲು ಇಬ್ಬರಿಗೂ ಸಂಕೋಚ. ಅವನು ತನ್ನ ಏಣಿಯ ಚಿತ್ರ ಹಾಕಿದ್ದ, ಅವಳು ಸುರುಳಿ ಸುತ್ತಿದ ಟೇಪಿನದು. ಹಾಗಾಗಿ ಅವಳ ಫೋನಿನ ನಕ್ಷೆಯಲ್ಲಿ ದಿನವೂ ಒಂದು ಪುಟ್ಟ ಏಣಿ ಬೀದಿ ಬೀದಿ ದಾಟಿ ಅವಳ ಕಡೆ ಬರುತ್ತಿತ್ತು. ಮೊದಮೊದಲು ಕೆಲಸಕ್ಕೆಂದು ನೋಡುತ್ತಿದ್ದಳು. ಆಮೇಲೆ ಕೆಲಸವಿಲ್ಲದಿದ್ದರೂ ನೋಡುತ್ತಿದ್ದಳು. ಏಣಿ ತಿರುವಿನಲ್ಲಿ ಕಾಣಿಸಿದರೆ ಕೈ ತಾನೇ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಹುಚ್ಚು ಎನ್ನುವುದು ಅವಳಿಗೂ ಗೊತ್ತಿತ್ತು.

ಒಂದು ದಿನ ಏಣಿ ಎರಡು ಬೀದಿಯಾಚೆ ಸುಮ್ಮನೆ ನಿಂತುಬಿಟ್ಟಿತು. ಐದು ನಿಮಿಷ ಕಾದು ಅವಳು ಫೋನ್ ಮಾಡಿದಳು.

"ಯಾಕೆ ನಿಂತಿರಿ? ವ್ಯಾನ್ ಕೆಟ್ಟಿತಾ?"

"ಇಲ್ಲ. ನೀನು ನೋಡ್ತಿದ್ದೀಯೋ ಇಲ್ವೋ ಅಂತ ನೋಡೋಕೆ ನಿಂತೆ."

ಅವಳು ಥಟ್ಟನೆ ಫೋನಿಟ್ಟಳು. ಆ ಮನೆಯ ಒಡತಿ, "ಏನಮ್ಮ, ಸೆಕೆನಾ? ಮುಖ ಕೆಂಪಾಗಿದೆ," ಎಂದು ಫ್ಯಾನ್ ಹಾಕಿದಳು.

ಸಂಜೆ ಆರಾದರೆ ಏಣಿ ಮಾಯ. ಅವನಿಗೂ ಅದೇ ದೂರು. "ಆರು ಗಂಟೆ ಆಯ್ತು ಅಂದ್ರೆ ನೀನು ನನಗೆ ಕಳೆದುಹೋಗ್ತೀಯ ನೋಡು," ಎಂದು ಒಮ್ಮೆ ವ್ಯಾನಿನ ಬಾಗಿಲು ಹಾಕುತ್ತ ಹೇಳಿದ. ತಮಾಷೆಯಂತೆ ಹೇಳಿದ, ಆದರೆ ನಗಲಿಲ್ಲ.

ಅಂಗಡಿಯಲ್ಲಿ ಸಾಸಿವೆ ಬಣ್ಣದ ಬಟ್ಟೆಯ ಒಂದು ಸುರುಳಿ ಬಹಳ ಕಾಲದಿಂದ ಬಿದ್ದಿತ್ತು. ಬಂದವರೆಲ್ಲ ಮುಟ್ಟಿ ನೋಡಿ ಬೇರೆ ಬಟ್ಟೆ ಕೊಳ್ಳುತ್ತಿದ್ದರು. ಏಣಿರಾಯನಿಗೆ ಮಾತ್ರ ಅದರ ಮೇಲೆ ಕಣ್ಣು. "ಇದನ್ನ ಯಾರೂ ತಗೊಳ್ಳಲ್ಲ. ನನ್ನ ಕಿಟಕಿಗೇ ಅಂತ ನೇಯ್ದಿರೋದು," ಎನ್ನುತ್ತಿದ್ದ. ಅವನ ಕೋಣೆಯ ಕಿಟಕಿಗೆ ಹಳೇ ಪೇಪರು ಅಂಟಿಸಿತ್ತು. ಊರವರ ಕಿಟಕಿಗೆಲ್ಲ ಪರದೆ ಹಾಕುವವನ ಮನೆಗೆ ಪೇಪರು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅವಳು ಅಣಕಿಸುತ್ತಿದ್ದಳು.

ಹೀಗೆ ವರ್ಷ ತುಂಬಿತು. ಒಂದು ಬುಧವಾರ ಅವನು ಏಣಿಯ ಮೇಲೆ ನಿಂತು ರಾಡ್ ಕೂರಿಸುತ್ತಿದ್ದ. ಅವಳು ಕೆಳಗೆ ಇನ್ನೊಂದು ತುದಿ ಹಿಡಿದಿದ್ದಳು. ಗೋಡೆಗೆ ಹೇಳುವವನ ಹಾಗೆ ಅವನು ಹೇಳಿದ:

"ಅಣ್ಣ ಕರೀತಿದ್ದಾನೆ. ದೊಡ್ಡ ಊರಲ್ಲಿ ವರ್ಕ್‌ಶಾಪ್ ಹಾಕಿದ್ದಾನೆ, ಪಾಲುದಾರ ಆಗು ಅಂತಾನೆ. ಭಾನುವಾರ ಬೆಳಗ್ಗೆ ಹತ್ತರ ಬಸ್ಸು." ಸ್ಕ್ರೂ ಎರಡು ಸುತ್ತು ತಿರುಗಿಸಿದ. "ನಿನ್ನ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ. ಮದುವೆ ಮಾಡ್ಕೊಂಡು ಬರ್ತೀಯಾ ನನ್ನ ಜೊತೆ?"

ಅವಳ ಎದೆ ಡ್ರಿಲ್ಲಿಂಗ್ ಮೆಷಿನ್ನಿಗಿಂತ ಜೋರಾಗಿ ಹೊಡೆದುಕೊಂಡಿತು. ಬಾಯಿಂದ ಬಂದದ್ದು ಮಾತ್ರ ಇಷ್ಟು: "ರಾಡ್ ಸೊಟ್ಟ ಇದೆ. ಎಡಗಡೆ ಅರ್ಧ ಇಂಚು ಇಳಿಸಿ."

ಅವನು ಇಳಿಸಿದ. "ಬಸ್ಸು ಹೊರಡೋದ್ರೊಳಗೆ ಹೇಳು. ಅವಸರ ಇಲ್ಲ," ಅಂದ. ಅವಸರ ಇಲ್ಲದವನ ಕಣ್ಣು ಹಾಗಿರುವುದಿಲ್ಲ.

ಅವಳು ಮನಸ್ಸಿನಲ್ಲಿ ಅದೇ ಕ್ಷಣ ಹೂಂ ಅಂದಿದ್ದಳು. ಆದರೆ ಮೂರು ಸಲ ಅಳೆದು ಒಂದು ಸಲ ಕತ್ತರಿಸುವ ಕೈ ಅದು, ಮಾತಿಗೂ ಅದೇ ಅಭ್ಯಾಸ. ಮನೆಯಲ್ಲಿ ಅಪ್ಪನಿಗೆ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತಿದರು. "ನನ್ನ ಚಿಂತೆ ಬೇಡ. ನನಗೆ ಅಡುಗೆ ಬರುತ್ತೆ, ನಿನಗಿಂತ ಚೆನ್ನಾಗೇ ಬರುತ್ತೆ. ನೀನು ಅಳೆದೂ ಸುರಿದೂ ಕೂರಬೇಡ ಮಗಳೇ, ಹೋಗಿ ಹೇಳು," ಎಂದರು.

ಶನಿವಾರ ಕೆಲಸ ಬೇಗ ಮುಗಿಯಿತು. ಅವನು ಗಂಟು ಕಟ್ಟಲು ಮನೆಗೆ ಹೋದ. ಐದೂವರೆ ದಾಟಿದಾಗ ಅವಳು ಅವನ ಬೀದಿಯಲ್ಲಿ, ಅವನ ಕಟ್ಟಡದ ಎದುರು ಬಂದು ನಿಂತಿದ್ದಳು. ಮೂರನೇ ಮಹಡಿ, ಪೇಪರು ಅಂಟಿಸಿದ ಕಿಟಕಿ. ಏನೆಂದು ಹೇಳುವುದು? "ಬರ್ತೀನಿ" ಅಂದರೆ ತೀರಾ ಮೊಟಕು. "ನೀವಿಲ್ಲದೆ ನನಗೆ ದಿನ ಹೋಗಲ್ಲ" ಅಂದರೆ ನಾಚಿಕೆ. ಬಾಯಲ್ಲೇ ಹೇಳಿ ನೋಡಿದಳು, ಅಳಿಸಿದಳು, ಮತ್ತೆ ಹೇಳಿದಳು.

ಮೇಲೆ ಪೇಪರಿನ ಮೂಲೆ ಸರಿಯಿತು. ಫೋನ್ ಹಿಡಿದು ಅವನು ಇಣುಕಿದ. ಅವಳು ಥಟ್ಟನೆ ಪಕ್ಕದಲ್ಲಿ ನಿಂತಿದ್ದ ಲಾರಿಯ ಮರೆಗೆ ಸರಿದಳು. ಕಾಣಲಿಲ್ಲವೆಂದುಕೊಂಡಳು. ಮರೆಯಿಂದಲೇ ಆ ಕಿಟಕಿ ನೋಡುತ್ತಿದ್ದಾಗ ಕಣ್ಣು ತನ್ನ ಕೆಲಸ ತಾನೇ ಮಾಡಿತು: ಐದಕ್ಕೆ ನಾಲ್ಕೂವರೆ ಅಡಿ. ಆಗ ಹೊಳೆಯಿತು. ಮಾತೇ ಬೇಡ. ಆ ಸಾಸಿವೆ ಬಣ್ಣದ ಬಟ್ಟೆಯಲ್ಲಿ ಈ ಕಿಟಕಿಯ ಪರದೆ ಹೊಲಿದು ಬೆಳಗ್ಗೆ ಅವನ ಕೈಗಿಟ್ಟರೆ, ಅದಕ್ಕಿಂತ ದೊಡ್ಡ ಹೂಂ ಇನ್ನೊಂದಿಲ್ಲ. ಎಲ್ಲಿಗೆ ಹೋದರೂ ಅಲ್ಲೊಂದು ಕಿಟಕಿ ಇದ್ದೇ ಇರುತ್ತದೆ.

ಅಂಗಡಿ ಮುಚ್ಚುವ ಮೊದಲು ಬಟ್ಟೆ ಕತ್ತರಿಸಿಕೊಳ್ಳಬೇಕಿತ್ತು. ಅವಳು ಹಿಂದಿರುಗಿ ಓಡುನಡಿಗೆಯಲ್ಲಿ ಹೊರಟಳು. ಅಷ್ಟು ಸಂತೋಷ ಅವಳಿಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಇಸ್ತ್ರಿ ಮಾಡಿದ ಪರದೆ ಹಿಡಿದು ಮೂರು ಮಹಡಿ ಹತ್ತಿದಾಗ ಬಾಗಿಲಿಗೆ ಬೀಗ. ಎದುರು ಮನೆಯವರು, "ಅವರು ಆರಕ್ಕೇ ಹೊರಟುಬಿಟ್ರಲ್ಲ, ಮೊದಲ ಬಸ್ಸಿಗೆ," ಎಂದರು. ಫೋನ್ ಮಾಡಿದಳು, ಎತ್ತಲಿಲ್ಲ. ಮಧ್ಯಾಹ್ನ ಒಂದು ಮೆಸೇಜ್ ಬಂತು: "ಪರವಾಗಿಲ್ಲ. ಚೆನ್ನಾಗಿರು."

ಹತ್ತರವರೆಗೆ ಸಮಯ ಕೊಟ್ಟವನು ಆರಕ್ಕೇ ಹೋಗಿದ್ದ. ಕೇಳಿದ ಮೇಲೆ ಮನಸ್ಸು ಬದಲಾಯಿಸಿರಬೇಕು, ನನ್ನ ಉತ್ತರ ಅವನಿಗೆ ಬೇಕಾಗಿಲ್ಲ ಎಂದುಕೊಂಡಳು ಅವಳು. ಬೇಡದವನ ಮುಂದೆ ಸೆರಗೊಡ್ಡುವ ಜಾಯಮಾನ ಅವಳದಲ್ಲ. ಮತ್ತೆ ಫೋನ್ ಮಾಡಲಿಲ್ಲ. ಪರದೆಯನ್ನು ಅಪ್ಪ ತಾವೇ ಮುಂದಿನ ಕೋಣೆಯ ಕಿಟಕಿಗೆ ಹಾಕಿದರು. ಮೂರಡಿ ಕಿಟಕಿಗೆ ಐದಡಿ ಕಿಟಕಿಯ ಪರದೆ, ಮಡಿಕೆ ಮೇಲೆ ಮಡಿಕೆ ಬಿದ್ದು ಒತ್ತಾಗಿ ಜೋತುಬಿತ್ತು. "ಹೊಲಿದ ಬಟ್ಟೆ ಯಾಕೆ ಕೆಡಿಸೋದು," ಎಂದಷ್ಟೇ ಹೇಳಿದರು ಅಪ್ಪ. ಅವಳಿಗೆ ಅವರ ಎದುರು ಅಳಲಾಗಲಿಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಒಂದೂವರೆ ವರ್ಷದ ಮೇಲೆ ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಚೀಟಿ. ಸ್ವಲ್ಪ ದಪ್ಪಗಾಗಿದ್ದ, ನಗು ಮಾತ್ರ ಅದೇ.

"ಹೇಗಿದ್ದೀರಿ?" ಅಂದ. ಮೊದಲ ಸಲ ಅವಳಿಗೆ ಬಹುವಚನ.

ಬರುವ ತಿಂಗಳು ಅವನ ಮದುವೆ. ಹೊಸ ಮನೆಗೆ ಆರು ಪರದೆ ಬೇಕಿತ್ತು. "ಹೊಲಿಗೆ ಇಲ್ಲಿಯಷ್ಟು ಅಚ್ಚುಕಟ್ಟು ಎಲ್ಲೂ ಇಲ್ಲ ಮೇಡಂ," ಎಂದು ಯಜಮಾನಿಗೆ ಹೇಳುತ್ತ ಅವನು ಚೀಟಿ ಇವಳಿಗೆ ಕೊಟ್ಟ. ಆರು ಕಿಟಕಿಗಳ ಅಳತೆ, ದುಂಡನೆಯ ಹೆಣ್ಣಿನ ಅಕ್ಷರ. ಮೂಲೆಯಲ್ಲಿ ಅವನು ಮದುವೆಯಾಗುವ ಹುಡುಗಿ ಒಂದು ಪುಟ್ಟ ಮನೆ ಬಿಡಿಸಿದ್ದಳು. ಇವಳು ಚೀಟಿ ಮಡಚಿ ಆರ್ಡರ್ ಪುಸ್ತಕದಲ್ಲಿ ಇಟ್ಟಳು.

ಈಗಿನ ಫಿಟ್ಟರ್ ಕೈ ಉಳುಕಿ ಮನೆಯಲ್ಲಿದ್ದ. ಯಜಮಾನಿ ಬಿಡುತ್ತಾಳೆಯೇ. "ಹೇಗೂ ಬಂದಿದ್ದೀಯಲ್ಲ, ನಿನ್ನ ಬಸ್ಸು ಸಂಜೆಗೆ. ಒಂದು ಮನೆ ಮುಗಿಸಿಕೊಡು. ಲೊಕೇಶನ್ ಹಾಕ್ಕೊಳ್ಳಿ ಇಬ್ಬರೂ, ಮತ್ತೆ ಯಾರ ಗೋಡೆಗೂ ಕೈ ಹಾಕಬೇಡ," ಎಂದಳು. ಗಡಿಯಾರ ಹತ್ತು ತೋರಿಸುತ್ತಿತ್ತು. ಇಬ್ಬರೂ ಎಂಟು ಗಂಟೆ ಒತ್ತಿದರು. ನಕ್ಷೆಯಲ್ಲಿ ಏಣಿ ಕಾಣಿಸಿತು. ಚಿತ್ರ ಬದಲಾಯಿಸಿರಲಿಲ್ಲ ಅವನು.

ಮತ್ತೆ ಅವನು ಏಣಿಯ ಮೇಲೆ, ಅವಳು ಕೆಳಗೆ ರಾಡ್ ಹಿಡಿದು.

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ," ಅಂದ ಅವನು, ಮತ್ತೆ ಗೋಡೆಗೆ. "ಆವತ್ತು ನೀವು ನಮ್ಮನೆ ಎದುರು ಇಪ್ಪತ್ತೆರಡು ನಿಮಿಷ ನಿಂತಿದ್ರಿ."

"ನಿಮಗೆ ಹೇಗೆ ಗೊತ್ತು?"

"ಆರು ಗಂಟೆ ಆಗಿರಲಿಲ್ಲವಲ್ಲ. ಲೊಕೇಶನ್ ಹಾಗೇ ಇತ್ತು." ಅವನು ಸ್ಕ್ರೂಡ್ರೈವರ್ ಇಳಿಸಿದ. "ಟೇಪಿನ ಸುರುಳಿ ನಮ್ಮ ಬೀದಿಗೆ ಬಂತು. ಬಾಗಿಲು ತೆಗೆದಿಟ್ಟೆ. ಒಳ್ಳೇ ಶರ್ಟ್ ಹಾಕ್ಕೊಂಡೆ. ಕಿಟಕೀಲಿ ನೋಡಿದೆ, ಕಾಣಲಿಲ್ಲ, ಆದ್ರೆ ಸುರುಳಿ ಅಲ್ಲೇ ಇತ್ತು. ಈಗ ಬರ್ತಾಳೆ, ಈಗ ಬರ್ತಾಳೆ ಅಂತ ಕಾದೆ. ಆಮೇಲೆ ಅದು ಹಿಂದಕ್ಕೆ ಹೋಯ್ತು, ಜೋರಾಗಿ ಹೋಯ್ತು. ಮೆಟ್ಟಿಲು ಹತ್ತೋಕೂ ಮನಸ್ಸಾಗಲಿಲ್ಲ ಇವಳಿಗೆ, ಎದುರಿಗೆ ನಿಲ್ಲಿಸಿ ಬೇಡ ಅನ್ನಿಸೋ ಕಷ್ಟ ಯಾಕೆ ಕೊಡಲಿ ಅಂತ ಮೊದಲ ಬಸ್ಸಿಗೇ ಹೊರಟೆ."

ಅವಳು ರಾಡಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಹೇಳಿಬಿಡಬೇಕು ಎನಿಸಿತು. ಓಡಿದ್ದು ನಿನ್ನಿಂದಲ್ಲ ಮಾರಾಯ, ನಿನಗಾಗಿ. ಆದರೆ ಪುಸ್ತಕದೊಳಗಿನ ಚೀಟಿಯಲ್ಲಿ ಯಾರೋ ಪುಟ್ಟ ಮನೆ ಬಿಡಿಸಿದ್ದರು.

"ಅವರು ಹೇಗಿದ್ದಾರೆ? ನೀವು ಮದುವೆ ಆಗೋರು?"

"ಒಳ್ಳೆಯವಳು. ಮನಸ್ಸಿಗೆ ಬಂದದ್ದು ತಕ್ಷಣ ಹೇಳಿಬಿಡ್ತಾಳೆ."

"ಅದು ಒಳ್ಳೇದು," ಅಂದಳು ಅವಳು. "ರಾಡ್ ಸೊಟ್ಟ ಇದೆ. ಎಡಗಡೆ ಅರ್ಧ ಇಂಚು."

ಮನೆಗೆ ಬಂದಾಗ ಐದೂಕಾಲು. ಮೋಡದ ಸಂಜೆ, ಅಪ್ಪ ಆಗಲೇ ದೀಪ ಹಾಕಿ ಪರದೆ ಎಳೆದಿದ್ದರು. ಅವಳು ಫೋನ್ ಹಿಡಿದು ಕಿಟಕಿಯ ಪಕ್ಕ ಕೂತಳು. ಏಣಿ ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿತ್ತು. ದೊಡ್ಡ ರಸ್ತೆಯಲ್ಲಿ ನಿಂತಿತು. ತಿರುಗಿತು. ಅವಳ ಬೀದಿಗೆ ಬಂತು. ಎದುರಿಗೇ, ಅವಳ ಸುರುಳಿಯನ್ನು ಮುಟ್ಟುವಷ್ಟು ಹತ್ತಿರ ಬಂದು ನಿಂತಿತು.

ಒಳಗಿನ ದೀಪಕ್ಕೆ ಆ ಪರದೆ ಬೀದಿಗೆಲ್ಲ ಸಾಸಿವೆ ಬಣ್ಣವಾಗಿ ಕಾಣುತ್ತಿತ್ತು. ಕಿಟಕಿಗೆ ಮೀರಿದ ಮಡಿಕೆ ಕಂಡರೆ ಫಿಟ್ಟರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಐದು ನಿಮಿಷ, ಹತ್ತು ನಿಮಿಷ. ಆವತ್ತು ಅವನು ಹೇಗೆ ಕಾದಿದ್ದನೆಂದು ಅವಳಿಗೆ ಈಗ ತಿಳಿಯಿತು. ಫೋನ್ ನಡುಗಿತು.

"ಈ ಪರದೆ ಯಾವ ಕಿಟಕಿಗೆ ಹೊಲಿದದ್ದು?"

ಸುಳ್ಳು ಹೇಳಬಹುದಿತ್ತು. ಸುಮ್ಮನಿರಬಹುದಿತ್ತು. ಜೀವನದಲ್ಲಿ ಮೊದಲ ಸಲ ಅವಳು ಒಂದು ಸಲವೂ ಅಳೆಯದೆ ಬರೆದಳು: "ಐದಕ್ಕೆ ನಾಲ್ಕೂವರೆ. ಆವತ್ತು ಬಟ್ಟೆ ತರೋಕೆ ಓಡಿದ್ದು."

ಓದಿದ್ದರ ಗುರುತು ಬಂತು. ಅವನು ಏನೋ ಟೈಪ್ ಮಾಡುತ್ತಿದ್ದ, ನಿಲ್ಲಿಸಿದ, ಮತ್ತೆ ಮಾಡಿದ. ಪರದೆಯ ಈಚೆ ಅವಳು ಎದ್ದು ನಿಂತು ಮಡಿಕೆಯ ಮೇಲೆ ಕೈಯಿಟ್ಟಳು, ಸರಿಸಲಿಲ್ಲ. ಸರಿಸಿದರೆ ಅವನು ಒಳಗೆ ಬಂದುಬಿಡುತ್ತಾನೆ. ಬಂದರೆ ಅವಳು ಕಳಿಸಲಾರಳು.

ಕೊನೆಗೆ ಬಂದದ್ದು ನಾಲ್ಕೇ ಮಾತು. "ನಾನು ಕೆಳಗೆ ಇಳಿದು ಬರಬೇಕಾಗಿತ್ತು."

ಆರಕ್ಕೆ ಎರಡು ನಿಮಿಷ ಇರುವಾಗ ಏಣಿ ಹೊರಟಿತು. ಬಹಳ ನಿಧಾನವಾಗಿ, ಬೀದಿಯ ತುದಿಯವರೆಗೆ. ತಿರುವಿನಲ್ಲಿ ಒಮ್ಮೆ ನಿಂತಿತು. ಅಲ್ಲಿಗೆ ಆರು ಹೊಡೆಯಿತು, ನಕ್ಷೆ ಖಾಲಿಯಾಯಿತು.

"ಯಾರಮ್ಮ ಹೊರಗಡೆ ನಿಂತಿದ್ದು?" ಒಳಗಿನಿಂದ ಅಪ್ಪ ಕೇಳಿದರು.

"ಫಿಟ್ಟರ್ ಅಪ್ಪ. ಅಳತೆ ನೋಡೋಕೆ ಬಂದಿದ್ದರು."

ಮರುದಿನ ಅವಳು ಚೀಟಿ ಬಿಡಿಸಿ ಮೇಜಿನ ಮೇಲಿಟ್ಟು ಆರು ಪರದೆಗಳನ್ನು ಕತ್ತರಿಸಿದಳು. ಒಂದೊಂದನ್ನೂ ಮೂರು ಮೂರು ಸಲ ಅಳೆದಳು. ಇನ್ನೊಬ್ಬಳ ಮನೆಯ ಕಿಟಕಿ, ಅರ್ಧ ಇಂಚೂ ಹೆಚ್ಚುಕಡಿಮೆ ಆಗಬಾರದಿತ್ತು.