ಡಿಪೋ ಮೋರಿಯ ಬಿರಡೆ

1938ನೇ ಇಸವಿ ನವೆಂಬರ್ 14, ಸೋಮವಾರ. ಬೆಳಿಗ್ಗೆ ಎಂಟೂಕಾಲಿಗೆ ಚನ್ನರಾಯಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂತು. ತಂದವನು ಹಿರೀಸಾವೆ ಎಣ್ಣೆ ಡಿಪೋದ ಏಜೆಂಟ್ ಬಸವರಾಜು. ಡಿಪೋ ಲಂಡನ್ನಿನ ಒಂದು ಕಂಪನಿಗೆ ಸೇರಿದ್ದು. ಆ ದೊರೆಗಳು ಹಿರೀಸಾವೆಯನ್ನು ನಕ್ಷೆಯಲ್ಲಾದರೂ ಕಂಡಿದ್ದರೋ ಇಲ್ಲವೋ ದೇವರೇ ಬಲ್ಲ.

ಪೀಪಾಯಿ ತೊಳೆದ ನೀರು ಹೊರಗೆ ಹೋಗುವ ಮೋರಿಯನ್ನು ಶನಿವಾರ ಯಾರೋ ಬಿಗಿಯಾಗಿ ಮುಚ್ಚಿದ್ದರು. ನೀರು ಹಿಂದಕ್ಕೆ ನುಗ್ಗಿ ನೆಲದೊಳಗಿನ ಪೆಟ್ರೋಲ್ ತೊಟ್ಟಿಗೆ ಸೇರಿತ್ತು. ಆ ಪೆಟ್ರೋಲ್ ಹಾಕಿಸಿಕೊಂಡ ಮೂರು ಬಸ್ಸುಗಳು ಭಾನುವಾರ ಹಾಸನದ ದಾರಿಯಲ್ಲಿ ಕೆಟ್ಟು ಕೂತಿದ್ದವು.

ಇನ್ಸ್‌ಪೆಕ್ಟರ್ ಗೌರೀಶಂಕರಯ್ಯನವರಿಗೆ ನೌಕರಿಯಲ್ಲಿ ಇಪ್ಪತ್ತಾರು ವರ್ಷ ಸವೆದಿತ್ತು, ಅದರ ಜೊತೆಗೆ ಎರಡು ಮೊಣಕಾಲೂ. ಅತಿಕ್ರಮ ಪ್ರವೇಶ, ಸ್ವತ್ತಿಗೆ ಹಾನಿ ಎಂದು ಎಫ್.ಐ.ಆರ್. ಬರೆಸಿ, ಕಾನ್ಸ್‌ಟೇಬಲ್ ಬೋರಪ್ಪನನ್ನು ಕರೆದುಕೊಂಡು ಹೊರಟರು.

ಹನ್ನೊಂದೂ ಹತ್ತಕ್ಕೆ ಪಂಚನಾಮೆ ಶುರುವಾಯಿತು. ಊರಿನ ಪಟೇಲ ದೊಡ್ಡಯ್ಯ ಪಂಚನಾಗಿ ನಿಂತ. ಮೋರಿಯ ಬಾಯಿಗೆ ರಾಗಿಹುಲ್ಲು ಹೊಸೆದು ಸುತ್ತಿದ ಮರದ ಬಿರಡೆ, ಅದರ ಮೇಲೆ ತುಳಿದು ಹದ ಮಾಡಿದ ಜೇಡಿಮಣ್ಣು. ಒಂದು ತೊಟ್ಟು ನೀರೂ ಜಿನುಗುತ್ತಿರಲಿಲ್ಲ. ಮಣ್ಣಿನ ಮೇಲೆ ಕುಂಕುಮದ ಬೊಟ್ಟು, ಮೂರು ಎಸಳು ಗರಿಕೆ.

ಬೋರಪ್ಪ ನಕ್ಕುಬಿಟ್ಟ. "ಕಳ್ಳ ಪೂಜೆ ಬ್ಯಾರೆ ಮಾಡವ್ನೆ ಸಾ!"

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಕೆರೆಯ ತೂಬು ಮುಚ್ಚಿದ ಮೇಲೆ ಹೀಗೆ ಮಾಡುವವರನ್ನು ಅವರು ಚಿಕ್ಕಂದಿನಿಂದ ನೋಡಿದ್ದರು.

"ಪಟೇಲರೇ, ನಿಮ್ಮೂರ ಕೆರೆ ತೂಬು ನೋಡಿಕೊಳ್ಳೋ ನೀರುಗಂಟಿ ಯಾರು?"

ದೊಡ್ಡಯ್ಯ ಬೇರೆ ಕಡೆ ನೋಡಿದ. "ಲಕ್ಕಯ್ಯ ಅಂತ. ಪಾಪದೋನು ಸ್ವಾಮಿ."

ಮಧ್ಯಾಹ್ನ ಎರಡಕ್ಕೆ ಲಕ್ಕಯ್ಯ ಕೆರೆ ಏರಿಯ ಮೇಲೆ ಸಿಕ್ಕಿದ. ಅರವತ್ತು ದಾಟಿದ ಆಳು. ಪೊಲೀಸರನ್ನು ಕಂಡು ಓಡಲಿಲ್ಲ, ಕೈ ತೊಳೆದುಕೊಂಡು ಎದ್ದು ನಿಂತ.

"ಡಿಪೋ ಮೋರಿ ಮುಚ್ಚಿದ್ದು ಯಾರು?"

"ನಾನೇಯ ಸಾ. ಶನಿವಾರ, ಅವ್ರು ಉಣ್ಣಕ್ಕೆ ಓಗಿದ್ದಾಗ."

"ಕುಂಕುಮ ಯಾಕಿಟ್ಟೆ?"

"ತೂಬು ಮುಚ್ಚಿ ಗಂಗಮ್ಮಂಗೆ ಕುಂಕ್ಮ ಇಕ್ದಲೆ ಎಂಗ್ ಸಾ ಬರೋದು? ನಮ್ಮಪ್ಪನೂ ಅಂಗೆ ಬಂದೋನಲ್ಲ."

"ಅದು ಮೋರಿ ಕಣಯ್ಯ!"

"ನಿಮ್ಗೆ ಮೋರಿ. ಅದ್ರ ನೀರು ನಮ್ ಕಟ್ಟೆಗೆ ಬತ್ತದೆ. ನೋಡ್ಬನ್ನಿ."

ಹೋಗಿ ನೋಡಿದರು. ಕಟ್ಟೆಯ ಅಂಚಿಗೆಲ್ಲ ಎಣ್ಣೆಯ ಪೊರೆ ಹತ್ತಿತ್ತು. ಸತ್ತ ಮೀನು ಗುಡ್ಡೆ ಹಾಕಿದ್ದರು. ಮೂರು ದಿನದಿಂದ ಹೊಸ ಎಣ್ಣೆ ಬರದೆ ನಡುವಿನ ನೀರು ಈಗಷ್ಟೇ ತಿಳಿಯಾಗುತ್ತಿತ್ತು. ಊರಿನವರಿಗೆ ಸೇದುವ ಬಾವಿಯಿದೆ, ಅಲ್ಲಿ ಲಕ್ಕಯ್ಯನ ಕೇರಿಯವರು ಹಗ್ಗ ಇಳಿಸುವ ಹಾಗಿಲ್ಲ. ಕೇರಿಯ ನಲವತ್ತು ಮನೆಗೆ ಕುಡಿಯಲು ಈ ಕಟ್ಟೆಯೊಂದೇ ಗತಿ. ಪಟೇಲನಿಗೆ ನಿದ್ದೆ ಕೆಡದಿದ್ದದ್ದು ಇದಕ್ಕೇ.

"ಅರ್ಜಿ ಕೊಡಬೇಕಾಗಿತ್ತು, ಲಕ್ಕಯ್ಯ."

"ಕೊಟ್ಟಿದ್ನಲ್ಲ ಸಾ. ಜೇಷ್ಠ ಮಾಸ್ದಲ್ಲಿ. ನಿಮ್ ಕೈಗೇಯ."

ಗೌರೀಶಂಕರಯ್ಯನವರಿಗೆ ನೆನಪಾಯಿತು. 'ಅಮಲ್ದಾರರಿಗೆ ಕಳಿಸಿದೆ' ಎಂದು ಅಡ್ಡಗೆರೆ ಎಳೆದು ಬರೆದು ಕೈ ತೊಳೆದುಕೊಂಡಿದ್ದರು. ಜನ ಕುಡಿಯುವ ನೀರು ಕೆಡಿಸುವುದೂ ಅಪರಾಧವೇ, ಪುಸ್ತಕದಲ್ಲಿ ಅದಕ್ಕೂ ಕಲಂ ಇದೆ. ಅಂದು ಆ ಪುಟ ತೆರೆಯಲು ಅವರಿಗೆ ಬೇಸರವಾಗಿತ್ತು. ಈಗ ನಾಚಿಕೆಯಾಯಿತು, ಆದರೆ ನಾಚಿಕೆಯಿಂದ ಕಟ್ಟೆ ತಿಳಿಯಾಗುವುದಿಲ್ಲವಲ್ಲ.

ಡಿಪೋಗೆ ಮರಳಿ ಬಸವರಾಜುವನ್ನು ಕೇಳಿದರು. "ಮೋರಿ ಬೇರೆ ಕಡೆ ತಿರುಗಿಸೋದಕ್ಕೆ ಏನು ಧಾಡಿ?"

"ಮದ್ರಾಸಿನ ಆಫೀಸಿಗೆ ಎರಡು ಸಲ ಬರೆದೆ ಸ್ವಾಮಿ. ಲಂಡನ್ನಿನ ಅಪ್ಪಣೆ ಬರಬೇಕಂತೆ. ನಾನೂ ಹೊಟ್ಟೆಪಾಡಿನವನು."

"ಅಪ್ಪಣೆ ಬರೋವರೆಗೆ ಪೀಪಾಯಿ ತೊಳೆಯೋದು ನಿಲ್ಲಿಸಿ."

"ನಿಲ್ಲಿಸಿದರೆ ನಾಳೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಅವನು ತೊಳೀತಾನೆ."

ನಾಲ್ಕೂವರೆಗೆ ಲಕ್ಕಯ್ಯನ ದಸ್ತಗಿರಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇಂಥದ್ದಕ್ಕೇ. ಕಂಪನಿಯ ಮೇಲೂ ಎಫ್.ಐ.ಆರ್. ಬರೆಯಬೇಕೆಂದು ಇನ್ಸ್‌ಪೆಕ್ಟರ್ ತೀರ್ಮಾನಿಸಿದರು. ಹಾಸನದ ಸಾಹೇಬರು ಅದನ್ನು ಎಷ್ಟು ದಿನ ಬದುಕಗೊಡುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು.

ಇನ್ನೊಂದು ಕೆಲಸ ಉಳಿದಿತ್ತು. ಬಿರಡೆ ಮೊಕದ್ದಮೆಯ ಮಾಲು, ಅದನ್ನು ಜಪ್ತಿ ಮಾಡಿ ಕೋರ್ಟಿಗೆ ಹಾಜರುಪಡಿಸಲೇಬೇಕು. ಅದರ ಹಿಂದೆ ಡಿಪೋದ ಗುಂಡಿಯಲ್ಲಿ ಮೂರು ದಿನದ ಎಣ್ಣೆನೀರು ತುಂಬಿ ನಿಂತಿತ್ತು.

"ಸಾ, ನನ್ನ ಕರ್ಕಂಡೋಗಿ. ಅದ್ನ ಮಾತ್ರ ಬುಟ್ಬುಡಿ," ಅಂದ ಲಕ್ಕಯ್ಯ. ಇಡೀ ದಿನದಲ್ಲಿ ಅವನು ಬೇಡಿದ್ದು ಅದೊಂದನ್ನೇ.

ಬೋರಪ್ಪ ಮುಂದೆ ಬರಲಿಲ್ಲ. ಇನ್ಸ್‌ಪೆಕ್ಟರ್ ತಾವೇ ಬಗ್ಗಿ, ಮೊಣಕಾಲೂರಿ, ಎರಡೂ ಕೈಯಲ್ಲಿ ಬಿರಡೆ ಕಿತ್ತರು. ಕಪ್ಪು ನೀರು ಅವರ ಬೂಟಿನ ಮೇಲೆ ಹಾದು ಇಳಿಜಾರಿಗೆ ಹರಿಯಿತು.

ಲಕ್ಕಯ್ಯ ಅದು ಹೋದ ದಿಕ್ಕನ್ನೇ ನೋಡಿದ.

"ನಮ್ಮನೆಯೋಳು ಮಾದಮ್ಮಂಗೆ ಯೇಳ್ಕಳ್ಸಿ ಸಾ, ಯಾರೂ ನೀರು ತುಂಬ್ಕಬ್ಯಾಡಿ ಅಂತ. ನೀರು ತಿಳಿಯಾಯ್ತು, ಸಂಜೆಗೆ ಎಲ್ರೂ ತುಂಬ್ಕಳಿ ಅಂತ ನಾನೇ ಕೇರಿಗೆಲ್ಲ ಸಾರ್ಬುಟ್ಟಿವ್ನಿ."

ಗೌರೀಶಂಕರಯ್ಯ ಬಿರಡೆಯನ್ನು ಬೋರಪ್ಪನ ಕೈಗೆ ತುರುಕಿ ಕಟ್ಟೆಯ ಕಡೆಗೆ ಓಡಿದರು. ಹೆಂಗಸರು ಆಗಲೇ ಕೊಡ ಹೊತ್ತು ಇಳಿಯುತ್ತಿದ್ದರು.